ರಾಕೆಟ್‌ನ ಸೊಂಟ

“ಸೊಂಟ ನೋಡು, ಸೊಂಟ,” ಎಂದಳು ಉಮಾಶ್ರೀ. “ನನ್ನ ಒಂದು ಮುಷ್ಟಿಯಾಗ ಹಿಡಿಸತೈತಿ.”

ಮನೀಷಾ ಬಗ್ಗಿ ನೋಡಿದಳು. ಶಾಲೆಯ ಹಿಂದಿನ ಕಬ್ಬಿನ ಹೊಲದ ಒಡ್ಡಿನ ಮೇಲೆ ಒಂದು ಕಂದು ನಾಯಿಮರಿ ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ, ಇನ್ನೂ ಬಿದ್ದಿರಲಿಲ್ಲ ಅನ್ನಬಹುದು. ಕಾಲು ಉದ್ದ, ಮೂತಿ ಚೂಪು. ಹೊಟ್ಟೆ ಹೋಗಿ ಬೆನ್ನಿಗೆ ಅಂಟಿತ್ತು.

“ಖರೇನ ಮುಧೋಳ ಹೌಂಡ್ ಐತೇನು ಇದು?”

“ಮತ್ತ? ನಮ್ಮ ಮನಿಯಾಗ ಎರಡು ಅದಾವು. ನನಗ ಗೊತ್ತಾಗೂದಿಲ್ಲೇನು?”

ಮನೆಯಲ್ಲಿ ಎರಡು ಇದ್ದದ್ದು ನಿಜ. ಉಮಾಶ್ರೀಯ ಅಜ್ಜ ಧರೆಪ್ಪ ಕುರಿ, ಆಡು ಸಾಕುವವನು. ಅವನ ಕುರಿಗಳ ಹಿಂದೆ ಮುಂದೆ ಓಡಾಡುವ ಎರಡು ಅಸಲಿ ಮುಧೋಳ ನಾಯಿಗಳನ್ನು ನೋಡಲು ಬೇರೆ ಊರುಗಳಿಂದ ಜನ ಬೈಕು ಹತ್ತಿ ಬರುತ್ತಿದ್ದರು. ಈ ಮರಿ ಮಾತ್ರ ಬಸ್‌ಸ್ಟ್ಯಾಂಡಿನ ಭಜಿ ಅಂಗಡಿಯ ಹಿಂದೆ ಸಿಕ್ಕದ್ದು. ಅದು ಹೌಂಡ್ ಅಲ್ಲವೆಂದು ಉಮಾಶ್ರೀಗೆ ಚೆನ್ನಾಗಿ ಗೊತ್ತಿತ್ತು.

ಮುಧೋಳದ ಬೇರೆ ಯಾವ ಮಗುವಿಗೆ ತೋರಿಸಿದ್ದರೂ ಬಿದ್ದು ಬಿದ್ದು ನಗುತ್ತಿತ್ತು. ಆದರೆ ಮನೀಷಾ ಬನಹಟ್ಟಿಯವಳು, ಜೂನ್ ತಿಂಗಳಲ್ಲಿ ಈ ಶಾಲೆಗೆ ಬಂದವಳು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಹತ್ತಿಯ ನೂಲು, ಇದು ರೇಷ್ಮೆ ಎಂದು ಹೇಳಬಲ್ಲಳು. ನಾಯಿಗಳ ಬಗ್ಗೆ ಅವಳಿಗೆ ಗೊತ್ತಿದ್ದದ್ದು, ಅವಕ್ಕೆ ನಾಲ್ಕು ಕಾಲು ಇರುತ್ತವೆ ಎಂಬುದಷ್ಟೇ.

ಅವಳ ಹತ್ತಿರ ಒಂದು ಬ್ಯಾಟರಿಯೂ ಇತ್ತು. ಮಾಮೂಲಿ ಟಾರ್ಚಲ್ಲ. ಒಮ್ಮೆ ಒತ್ತಿದರೆ ಕೆಂಪು ಬೆಳಕು, ಇನ್ನೊಮ್ಮೆ ಒತ್ತಿದರೆ ಹಸಿರು, ಮತ್ತೊಮ್ಮೆ ಒತ್ತಿದರೆ ನೀಲಿ. ಅವಳ ಮಾಮ ಮೀರಜದಿಂದ ತಂದುಕೊಟ್ಟದ್ದು. ಅದನ್ನು ಕಂಡ ದಿನದಿಂದ ಉಮಾಶ್ರೀಯ ಜೀವ ಅದರ ಮೇಲೇ ಇತ್ತು. ಯಾಕೆಂದರೆ ಕ್ಯಾಪ್ಟನ್ ಟೋಪಿಚಂದ್ ಹತ್ತಿರ ಅಂಥದ್ದೇ ಒಂದಿತ್ತು.

ಕ್ಯಾಪ್ಟನ್ ಟೋಪಿಚಂದ್ ಭಾನುವಾರ ಹತ್ತು ಗಂಟೆಗೆ ಟೀವಿಯಲ್ಲಿ ಬರುತ್ತಾನೆ. ತಗಡು ಬಡಿದು ಮಾಡಿದ ಒಂದು ಹಾರುವ ಹಡಗು ಅವನದು. ಗ್ರಹದಿಂದ ಗ್ರಹಕ್ಕೆ ಹೋಗಿ ಅಲ್ಲಿನವರಿಗೆ ಟೋಪಿ ಹಾಕುವುದೇ ಕಸುಬು. ಹೋದ ವಾರ ಅವನು ಮೂರು ಕಣ್ಣಿನ ರಾಜನಿಗೆ ದಾರಿಯಲ್ಲಿ ಸಿಕ್ಕ ಕಲ್ಲನ್ನು ನಕ್ಷತ್ರದ ಮೊಟ್ಟೆ ಎಂದು ಮಾರಿದ್ದ. ಜೊತೆಗೆ ಒಂದು ನಿಯಮ ಹೇಳಿದ್ದ. ಮೂರು ತಿಂಗಳು ಇದರ ಮೇಲೆ ಕೂತೇ ಇರಬೇಕು, ಏಳಬಾರದು. ರಾಜ ಕಿರೀಟ ಸರಿಮಾಡಿಕೊಂಡು ಕೂತ. ಟೋಪಿಚಂದ್ ಹಾರಿಹೋದ. ನಗು ತಡೆಯಲಾರದೆ ಉಮಾಶ್ರೀಗೆ ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತ್ತು.

ಟೋಪಿಚಂದ್‌ನ ಜಾಣತನವೆಲ್ಲ ಆ ನಿಯಮದಲ್ಲಿದೆ ಎಂಬುದನ್ನು ಅವಳು ಪತ್ತೆ ಹಚ್ಚಿದ್ದಳು. ಬರೀ ಕಲ್ಲು ಕೊಟ್ಟರೆ ಮರುದಿನ ಸಿಕ್ಕಿಬೀಳುತ್ತಾನೆ. ನಿಯಮ ಕೊಟ್ಟರೆ ಜನ ಅದನ್ನು ಪಾಲಿಸುವುದರಲ್ಲೇ ಮುಳುಗಿ, ಕಲ್ಲನ್ನು ಸರಿಯಾಗಿ ನೋಡುವುದೇ ಇಲ್ಲ.

“ಆದ್ರ ಒಂದು ರೂಲ್ ಐತಿ,” ಎಂದಳು ಉಮಾಶ್ರೀ, ದನಿ ಇಳಿಸಿ. “ಹೌಂಡಿಗೆ ಹೊಟ್ಟಿ ತುಂಬ ಹಾಕಬಾರದು. ದಿನಕ್ಕ ಅರ್ಧ ಬಟ್ಟಲ ಹಾಲು, ಅಷ್ಟ. ಹೊಟ್ಟಿ ಬಂತಂದ್ರ ಸೊಂಟ ಹೋತು. ಸೊಂಟ ಹೋತಂದ್ರ ಓಟ ಹೋತು. ಆಮ್ಯಾಲ ಅದು ಬರೇ ನಾಯಿ.”

ಮನೀಷಾ ಗಂಭೀರವಾಗಿ ತಲೆಯಾಡಿಸಿದಳು. ಮಾತಾದಂತೆ ಮರಿಗೆ ಬದಲಾಗಿ ಚೀಲದಿಂದ ಬ್ಯಾಟರಿ ತೆಗೆದು ಕೊಟ್ಟಳು, ಮರಿಯನ್ನು ಎದೆಗೆ ಅವಚಿಕೊಂಡಳು. “ಇದರ ಹೆಸರು ರಾಕೆಟ್,” ಎಂದಳು.

ಅದು ಸೋಮವಾರ.

ಮಂಗಳವಾರ ಊಟದ ಬಿಡುವಿನಲ್ಲಿ ಶಾಲೆಯ ಅಂಗಳ ಬಾಹ್ಯಾಕಾಶವಾಯಿತು. ಉಮಾಶ್ರೀ ಕಟ್ಟೆಯ ಮೇಲೆ ನಿಂತು ಕೆಂಪು ಬೆಳಕು ಬಿಟ್ಟಳು, ಎಂಜಿನ್ ಚಾಲೂ. ಹಸಿರು ಬಿಟ್ಟಳು, ಹಡಗು ಇಳಿಯಿತು. ಐದನೆಯ ಕ್ಲಾಸಿನ ಅರ್ಧ ಮಕ್ಕಳು ಹೆಬ್ಬೆರಳನ್ನು ಹಣೆಗೆ ಒತ್ತಿಕೊಂಡು ಮೂರು ಕಣ್ಣಿನವರಾಗಿ ಓಡಿಬಂದರು. ಉಮಾಶ್ರೀ ಅವರಿಗೆ ಶಾಲೆಯ ನೀರಿನ ಟಾಕಿಯನ್ನು ಎರಡು ಸಲ ಮಾರಿದಳು.

ಬುಧವಾರ ಮನೀಷಾ ಆಟಕ್ಕೆ ಬರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು. ಗುರುವಾರವೂ ಹಾಗೆಯೇ ಕೂತಿದ್ದಳು, ಡಬ್ಬಿ ತೆರೆದಿರಲಿಲ್ಲ. ಉಮಾಶ್ರೀ ಹತ್ತಿರ ಹೋದಾಗ ಮೆಲ್ಲಗೆ ಕೇಳಿದಳು.

“ಉಮಾ, ಹೌಂಡ್ ಇಡೀ ದಿನಾ ಮಲಗತಾವೇನು? ಕರದ್ರೂ ಏಳೂದಿಲ್ಲೇನು?”

“ಹೂಂ, ಮಲಗತಾವು,” ಎಂದಳು ಉಮಾಶ್ರೀ. ಹಾಗೆ ಹೇಳಿದ ಮೇಲೆ ಯಾಕೋ ಅವಳಿಗೆ ನೀರಿನ ಟಾಕಿ ಮಾರುವ ಉತ್ಸಾಹ ಉಳಿಯಲಿಲ್ಲ.

ಸಂಜೆ ಧರೆಪ್ಪ ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು ತನ್ನ ನಾಯಿಗಳ ಮುಂದೆ ಇಡುತ್ತಿದ್ದ. ಉಮಾಶ್ರೀ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಮುತ್ಯಾ, ಇವು ಸಣ್ಣವಿದ್ದಾಗ ಎಷ್ಟು ಹಾಕ್ತಿದ್ದಿ?”

“ಸಣ್ಣ ಮರಿಗೆ ಎಂಥಾ ಅಳತಿ ತಂಗಿ? ಹೊಟ್ಟಿ ಗಡಗಿ ಆಗೂಮಟ ಹಾಕೂದು. ಈ ಸೊಂಟ ಗಿಂಟ ಎಲ್ಲಾ ದೊಡ್ಡಾದ ಮ್ಯಾಲ ಓಡಿ ಓಡಿ ಬರತೈತಿ. ಸಣ್ಣದಿದ್ದಾಗ ಉಪವಾಸ ಕೆಡವಿದ್ರ ಮರಿ ಮ್ಯಾಲೇಳೂದಿಲ್ಲ. ನಾಕ್ ದಿನಕ್ಕ ಜೀವಾ ಬಿಡತೈತಿ.”

ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಉಮಾಶ್ರೀ ಬೆರಳು ಮಡಚಿದಳು. ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಅವಳು ಎದ್ದು ಓಡುತ್ತಿದ್ದಳು.

ಜಮಖಂಡಿ ರಸ್ತೆ ದಾಟಲು ಆಗಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು, ಎರಡೆರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೊರಟಿದ್ದವು. ಬೇರೆ ದಿನವಾಗಿದ್ದರೆ ಉಮಾಶ್ರೀ ಹಿಂದಿನಿಂದ ಒಂದು ಕಬ್ಬು ಎಳೆದುಕೊಳ್ಳುತ್ತಿದ್ದಳು. ಇವತ್ತು ಅವು ಬೇಗ ಹೋಗಲಿ ಎಂದು ಕಾಲು ಬಡಿಯುತ್ತ ನಿಂತಳು.

ಮನೀಷಾಳ ಅಜ್ಜಿ ಸೋಮವ್ವ ಬಾಗಿಲಲ್ಲೇ ಕೂತಿದ್ದಳು.

“ಆಯಿ, ಮನೀಷಾ ಅದಾಳೇನ್ರಿ?”

“ಅದಾಳ ಬಾರವ್ವಾ. ನೀ ಏನ ಕೊಟ್ಟಿಯೋ ನಮ್ಮವ್ವಾ, ಅದು ನಾಯಿನೋ ನೂಲಿನ ಲಡಿನೋ ತಿಳೀವಲ್ತು. ನಾ ಒಂದು ತುತ್ತು ರೊಟ್ಟಿ ಹಾಕಾಕ ಹೋದ್ರ ಈ ಹುಡುಗಿ ಕೈ ಹಿಡೀತಾಳ. ರೂಲ್ ಐತಂತ. ತಾನೂ ಸರಿಯಾಗಿ ಉಣವಲ್ಲಳು.”

ಹಿತ್ತಿಲಲ್ಲಿ ರಾಕೆಟ್ ಗೋಣಿಚೀಲದ ಮೇಲೆ ಮಲಗಿತ್ತು. ಮನೀಷಾ ತನ್ನವ್ವ ಬಟ್ಟೆ ಹೊಲಿಯಲು ಬಳಸುವ ಟೇಪು ಹಿಡಿದು ಅದರ ಸೊಂಟ ಅಳೆಯುತ್ತಿದ್ದಳು. ಮರಿ ತಲೆ ಎತ್ತಲಿಲ್ಲ. ಬಾಲದ ತುದಿ ಮಾತ್ರ ಒಮ್ಮೆ ಅಲುಗಿತು.

“ಅರ್ಧ ಇಂಚು ಕಡಿಮಿ ಆಗೈತಿ,” ಎಂದಳು ಮನೀಷಾ. ಅವಳ ಕಣ್ಣು ಕೆಂಪಾಗಿತ್ತು. “ರೂಲ್ ತಪ್ಪಿಲ್ಲ ನಾನು. ರಾತ್ರಿ ಕುಂಯ್ ಕುಂಯ್ ಅಂತ ಅಳತೈತಿ, ಆದ್ರೂ ಹಾಕಿಲ್ಲ. ಅದು ಉಪವಾಸ ಇದ್ದಾಗ ನಾ ಹೆಂಗ ಉಣ್ಣಲಿ ಅಂತ ಅರ್ಧಾ ರೊಟ್ಟಿ ತಿಂತೇನಿ. ಚಂದ ಹೌಂಡ್ ಆಗತೈತಲ್ಲ ಉಮಾ?”

ಉಮಾಶ್ರೀಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚು ಭಯ ಬಂದಿತ್ತು. ಆದರೂ ಬಾಯಿ ತನ್ನ ಹಳೆಯ ಚಾಳಿ ಬಿಡಲಿಲ್ಲ.

“ಅದ... ರೂಲ್ ನಾಕ ದಿನಕ್ಕಷ್ಟ,” ಎಂದಳು. “ಇವತ್ತಿಂದ ಹೊಟ್ಟಿ ತುಂಬ ಹಾಕಬೇಕಂತ. ಮುತ್ಯಾ ಹೇಳ್ಯಾನ.”

ಮನೀಷಾ ಟೇಪು ಅಲ್ಲೇ ಬಿಟ್ಟು ಒಳಗೆ ಓಡಿದಳು. ಹಾಲು ಬಂತು, ಹಾಲಿನಲ್ಲಿ ನೆನೆಸಿದ ರೊಟ್ಟಿ ಬಂತು. ರಾಕೆಟ್ ಮೊದಲು ಮೂಸಿತು. ನಾಲಿಗೆ ಚಾಚಿತು. ಆಮೇಲೆ ಎರಡೂ ಮುಂಗಾಲು ಬಟ್ಟಲಿನಲ್ಲೇ ಇಟ್ಟು, ಮೂಗಿನವರೆಗೆ ಮುಳುಗಿ, ಪಚಪಚ ಸದ್ದು ಮಾಡುತ್ತ ತಿನ್ನತೊಡಗಿತು. ಸೋಮವ್ವ ಬಾಗಿಲಿನಿಂದಲೇ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಸಿಕ್ಕಿಬೀಳದೆ ಎಲ್ಲ ಸರಿಹೋಗಿತ್ತು. ಉಮಾಶ್ರೀ ಇನ್ನು ಮನೆಗೆ ಹೋಗಬಹುದಿತ್ತು.

ಅಷ್ಟರಲ್ಲಿ ಮನೀಷಾ ಅವಳ ಕೈ ಹಿಡಿದುಕೊಂಡಳು. “ನೀ ಬಂದು ಹೇಳಿದ್ದು ಭಾಳ ಛಲೋ ಆತು. ಇಲ್ಲಂದ್ರ ನನಗ ಹೆಂಗ ತಿಳೀತಿತ್ತು? ನಾಳೆ ನಿನಗ ಬ್ಯಾಟರಿ ಸೆಲ್ಲೂ ತಂದು ಕೊಡತೇನಿ. ಥ್ಯಾಂಕ್ಸ್ ಉಮಾ.”

ಬೈದಿದ್ದರೆ ಉಮಾಶ್ರೀ ತಡೆದುಕೊಳ್ಳುತ್ತಿದ್ದಳು. ಈ ಥ್ಯಾಂಕ್ಸನ್ನು ತಡೆದುಕೊಳ್ಳುವುದು ಆಗಲಿಲ್ಲ.

“ಅದು ಹೌಂಡ್ ಅಲ್ಲ,” ಎಂದಳು.

“ಏನು?”

“ಹೌಂಡ್ ಅಲ್ಲ ಅದು. ಬಸ್‌ಸ್ಟ್ಯಾಂಡಿನಾಗ ಸಿಕ್ಕಿತ್ತು. ಹಸದಿತ್ತು, ಅದಕ್ಕ ಸೊಂಟ ಸಣ್ಣ ಇತ್ತು. ರೂಲ್ ನಾನ ಮಾಡಿದ್ದು. ತಿಂದ್ರ ಹೊಟ್ಟಿ ಬರತೈತಿ, ನಿನಗ ಗೊತ್ತಾಗತೈತಿ ಅಂತ ಮಾಡಿದ್ದು.”

ಈಗ ಅಯ್ಯೋ ಹೌಂಡ್ ಅಲ್ಲವಾ ಎಂದು ಮನೀಷಾ ಅಳುತ್ತಾಳೆ, ಬ್ಯಾಟರಿ ಕೊಡು ಎನ್ನುತ್ತಾಳೆ ಎಂದು ಉಮಾಶ್ರೀ ಕಾದಳು. ಬ್ಯಾಟರಿಯನ್ನು ಕಿಸೆಯಿಂದ ತೆಗೆದು ಹಿಡಿದೂ ಇದ್ದಳು. ಮನೀಷಾ ಅದರ ಕಡೆ ನೋಡಲೇ ಇಲ್ಲ. ಬಟ್ಟಲು ನೆಕ್ಕುತ್ತಿದ್ದ ರಾಕೆಟನ್ನೇ ನೋಡುತ್ತಿದ್ದಳು.

“ಹಂಗಾದ್ರ,” ಎಂದಳು ನಿಧಾನಕ್ಕೆ, “ನಾ ಇದನ್ನ ನಾಕ ದಿನಾ ಸುಮ್ಮಸುಮ್ಮನ ಅಳಿಸಿದ್ನೇನು?”

ಉಮಾಶ್ರೀ ಬ್ಯಾಟರಿಯನ್ನು ಕಟ್ಟೆಯ ಮೇಲೆ ಇಟ್ಟು ಮನೆಗೆ ಬಂದಳು.

ಶುಕ್ರವಾರ ಮನೀಷಾ ಬೇರೆ ಬೆಂಚಿನಲ್ಲಿ ಕೂತಳು. ಹುಡುಗರು ಹೌಂಡ್ ಹೇಗಿದೆ ಎಂದು ಕೇಳಿದರೆ, “ಹೌಂಡ್ ಅಲ್ಲ, ನಮ್ಮ ಮನಿ ನಾಯಿ,” ಎಂದಳು. ಉಮಾಶ್ರೀಯ ಹೆಸರು ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು ಎನಿಸಿತು ಉಮಾಶ್ರೀಗೆ. ಸಂಜೆ ಅವಳು ಒಂದು ಬಾಟಲಿ ಆಡಿನ ಹಾಲು ತೆಗೆದುಕೊಂಡು ಹೋದಳು. ಧರೆಪ್ಪ ಯಾಕೆ ಎಂದು ಕೇಳಲಿಲ್ಲ, ಬಾಟಲಿ ತುಳುಕುವಷ್ಟು ಸುರಿದುಕೊಟ್ಟ. ಮನೀಷಾ ಬಾಟಲಿ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಶನಿವಾರವೂ ಹಾಗೆಯೇ ಆಯಿತು.

ಭಾನುವಾರ ಟೋಪಿಚಂದ್ ಬಂದ. ಉಮಾಶ್ರೀ ನೋಡಿದಳು, ನಕ್ಕಳು ಕೂಡ. ಅವನು ಅಂಥವನೇ, ನಗದಿರಲು ಆಗುವುದಿಲ್ಲ. ಈ ಸಲ ಮೋಡದ ಮೇಲಿನ ಜನರಿಗೆ ಮೆಟ್ಟಿಲು ಮಾರಿ ಹಾರಿಹೋದ. ಹಡಗು ಸಣ್ಣದಾಗುತ್ತ ಚುಕ್ಕಿಯಾಯಿತು. ಕೆಳಗೆ ಉಳಿದವರು ಆಮೇಲೆ ಏನು ಮಾಡಿದರು ಎಂದು ಟೀವಿ ತೋರಿಸಲಿಲ್ಲ. ಯಾವ ವಾರವೂ ತೋರಿಸಿರಲಿಲ್ಲ ಎಂಬುದು ಅವಳಿಗೆ ಹೊಳೆದದ್ದು ಅವತ್ತೇ.

ಮಧ್ಯಾಹ್ನ ಹಾಲು ಒಯ್ದಾಗ ಮನೀಷಾ ಬಾಗಿಲು ಹಾಕಲಿಲ್ಲ. ಒಳಗೆ ಬಾ ಎನ್ನಲೂ ಇಲ್ಲ. ಉಮಾಶ್ರೀ ಮೆಲ್ಲಗೆ ಹಿತ್ತಿಲಿಗೆ ಹೋದಳು. ರಾಕೆಟ್ ಬಟ್ಟಲು ಖಾಲಿ ಮಾಡಿ, ದುಂಡು ಹೊಟ್ಟೆ ಒಂದು ಕಡೆ, ಕಾಲು ಒಂದು ಕಡೆ ಚಾಚಿ ನೆರಳಿನಲ್ಲಿ ಉರುಳಿಕೊಂಡಿತು. ಕಣ್ಣು ಮುಚ್ಚಿತು.

“ಹೊಟ್ಟಿ ತುಂಬಿದ ಮರಿ ಕನಸಿನ್ಯಾಗ ಓಡತೈತಿ,” ಎಂದಳು ಉಮಾಶ್ರೀ. “ಮಲಗಿದಲ್ಲೇ ಕಾಲು ಆಡಸತೈತಿ.”

ಹೋದ ವಾರವಾಗಿದ್ದರೆ ಮನೀಷಾ ಕಣ್ಣರಳಿಸಿ ನಂಬಿಬಿಡುತ್ತಿದ್ದಳು. ಈಗ ಅವಳ ಕಡೆ ಒಮ್ಮೆ ನೋಡಿ, “ನೋಡೂನು,” ಎಂದಳು. ಮೊಣಕಾಲಿನ ಮೇಲೆ ಗದ್ದ ಊರಿ ಮರಿಯ ಮುಂದೆ ಕೂತಳು.

ಉಮಾಶ್ರೀಯೂ ಆಚೆ ಬಿಸಿಲಿನಲ್ಲೇ ಕೂತಳು. ರಾಕೆಟ್ ಅಲುಗಲಿಲ್ಲ. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಹಾಡು ದೂರವಾಯಿತು, ಇನ್ನೊಂದು ಬಂತು. ಖರೇನೇ ಹೇಳಿದ್ದೇನೆ ಎನ್ನಬೇಕೆಂದು ಉಮಾಶ್ರೀಯ ಬಾಯಿಯವರೆಗೆ ಬಂತು. ಆಣೆ ಮಾಡಬೇಕೆಂದೂ ಅನಿಸಿತು. ಎರಡೂ ಈಗ ಕೆಲಸಕ್ಕೆ ಬರುವುದಿಲ್ಲವೆಂದು ಅವಳಿಗೆ ತಿಳಿಯಿತು. ಸುಮ್ಮನೆ ಕಾಯುವುದೊಂದೇ ದಾರಿ. ಕಾದಳು.

ಬಹಳ ಹೊತ್ತಿನ ಮೇಲೆ ರಾಕೆಟ್‌ನ ಒಂದು ಹಿಂಗಾಲು ನಡುಗಿತು. ಆಮೇಲೆ ಮುಂಗಾಲು. ಆಮೇಲೆ ನಾಲ್ಕೂ ಕಾಲು ಸೇರಿ ಯಾವುದೋ ದೊಡ್ಡ ಹೊಲದಲ್ಲಿ ಓಡತೊಡಗಿದವು.

“ಹೂಂ,” ಎಂದಳು ಮನೀಷಾ. ಅಷ್ಟೇ ಅಂದದ್ದು. ನೆರಳಿನಲ್ಲಿ ಇನ್ನೊಬ್ಬರಿಗೆ ಜಾಗವಾಗುವಷ್ಟು ಪಕ್ಕಕ್ಕೆ ಸರಿದಳು.

ಉಮಾಶ್ರೀ ಬಿಸಿಲಿನಿಂದ ಎದ್ದು ಅಲ್ಲಿ ಹೋಗಿ ಕೂತಳು.