ಆ ಸಹಿ ನನ್ನದಲ್ಲ!

"ಪರೀಕ್ಷೆನೇ ನಡೆಸದೆ ಮೂವತ್ತೆರಡು ಮಕ್ಕಳಿಗೂ ಅಂಕ ಹಾಕಿದ್ದೀರಲ್ಲ ಮೇಡಂ... ನಾಚಿಕೆ ಆಗಲ್ವಾ?!"

ಲೋಹಿತಾ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತುಬಿಟ್ಟಳು.

ಕೊಡಿಗೇನಹಳ್ಳಿ ಹತ್ತಿರದ ಆ ಪ್ರೌಢಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದು ಅವಳಿಗೆ ಒಂದೇ ವರ್ಷ. ಎದುರಿಗಿದ್ದವನು ಗೌರೀಶ್. ಹತ್ತನೇ ತರಗತಿಯ ದೈಹಿಕ ಶಿಕ್ಷಣದ ಅಂಕ ಪರಿಶೀಲಿಸಲು ಶಿರಾದಿಂದ ಬಂದಿದ್ದ ಪಿ.ಟಿ. ಮೇಷ್ಟ್ರು. ಪರೀಕ್ಷೆ ಆಗೇ ಇಲ್ಲ ಅಂತ ಮಕ್ಕಳಿಂದ ಕೇಳಿಕೊಂಡು ಬಂದಿದ್ದ. ಅವನು ಚಾಚಿದ ಪಟ್ಟಿಯಲ್ಲಿ ಎಲ್ಲರಿಗೂ ಪೂರ್ತಿ ಅಂಕ. ಕೆಳಗೆ ಅವಳ ಹೆಸರಲ್ಲಿ ಸಹಿ!



"ಇದು... ಇದು ನನ್ನ ಸಹಿ ಅಲ್ಲ ಸರ್!"

"ಸಿಕ್ಕಿಬಿದ್ದವರೆಲ್ಲ ಹಿಂಗೇ ಅಂತಾರೆ."

ಮುಖ್ಯ ಶಿಕ್ಷಕ ಸಂಜೀವಯ್ಯ ಕಿಟಕಿ ಕಡೆ ನೋಡುತ್ತಾ, "ಪಿ.ಟಿ.ನೆಲ್ಲ ಯಾರು ಓದ್ತಾರೆ, ಬುಡಿ ಸಾರ್. ಸೈನ್ ಹಾಕ್ಬುಡಿ," ಅಂದರು.

ಅಯ್ಯೋ... ಇವರೇನಾ ಮಾಡಿದ್ದು?!

ಲೋಹಿತಾ ಒಳಗೆ ಬಂದಳು. "ಮಕ್ಕಳು ಇಲ್ಲೇ ಇದ್ದಾರೆ ಸರ್. ಈಗಲೇ ಪರೀಕ್ಷೆ ಮಾಡಿ. ನಾನು ಮೈದಾನಕ್ಕೂ ಬರಲ್ಲ."

ಗೌರೀಶ್ ಎದ್ದ. ಕಬಡ್ಡಿ ಅಂಕಣದ ಅಳತೆ ಕೇಳಿದ. ಕಾಲು ಉಳುಕಿದರೆ ಬ್ಯಾಂಡೇಜ್ ಹೇಗೆ ಕಟ್ಟಬೇಕು ಅಂತ ಮಾಡಿ ತೋರಿಸಲು ಹೇಳಿದ. ನೂರು ಮೀಟರ್ ಓಡಿಸಿದ. ತಡವರಿಸಿದ ಮಕ್ಕಳೂ ಇದ್ದರು, ಆದರೆ ಏನೂ ಗೊತ್ತಿಲ್ಲ ಅಂದವರು ಒಬ್ಬರೂ ಇಲ್ಲ!

"ಇಷ್ಟೆಲ್ಲ ಯಾವಾಗ ಕಲಿತ್ರಿ?"

"ನಮ್ ಪಿ.ಟಿ. ಪೀರಿಯಡ್ಡೆಲ್ಲ ಗಣಿತಕ್ಕೆ ಹೋಯ್ತವೆ ಸಾ," ಅಂದಳು ತೇಜಸ್ವಿನಿ, ಏದುಸಿರಿನಲ್ಲೇ. "ಮಿಸ್ಸು ಬೆಳಿಗ್ಗೆ ಏಳಕ್ಕೇ ಬಂದ್ಬುಟ್ಟು ಹೇಳ್ಕೊಡ್ತಾರೆ."

ಗೌರೀಶ್ ಒಳಗೆ ಬಂದ. ಹೊಸ ಪಟ್ಟಿ ಬರೆದ. ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡ. ಲೋಹಿತಾಳ ಕಣ್ಣು ತಪ್ಪಿಸಿ ಹೊರಟುಹೋದ. ಒಂದು ಕ್ಷಮೆ ಕೂಡ ಕೇಳದೆ!

ಹತ್ತು ದಿನಕ್ಕೆ ಅವಳಿಗೆ ನೋಟಿಸ್ ಬಂತು. ಸುಳ್ಳು ಅಂಕಗಳ ವಿಚಾರಣೆ, ಮಧುಗಿರಿಯ ಶಿಕ್ಷಣ ಇಲಾಖೆ ಕಚೇರಿಯಲ್ಲಿ. ವರದಿ ಕೊಟ್ಟವರು: ಗೌರೀಶ್.

ಎಲ್ಲ ಕಣ್ಣಾರೆ ನೋಡಿಯೂ... ನನ್ನ ಮೇಲೇ ದೂರಾ?!

ವಿಚಾರಣೆಯ ದಿನ ಅಧಿಕಾರಿ ಹಳೆಯ ಪಟ್ಟಿ ಮುಂದಿಟ್ಟರು. ಅವಳಿಂದ ಐದು ಸಲ ಸಹಿ ಮಾಡಿಸಿದರು. ಆಮೇಲೆ ಗೌರೀಶನ ವರದಿ ಓದಿದರು.

"ಶಿಕ್ಷಕಿಯ ಸಹಿ ನಕಲಿ ಮಾಡಲಾಗಿದೆ. ಪೀರಿಯಡ್ ಕಿತ್ತುಕೊಂಡರೂ ಅವರು ಪಾಠ ನಿಲ್ಲಿಸಿಲ್ಲ..."

ಲೋಹಿತಾ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿ ಕೂತಿದ್ದ ಸಂಜೀವಯ್ಯನವರ ತಲೆ ತಗ್ಗಿತು. "ತಪ್ಪಾಯ್ತು ಸಾರ್... ನಾನೇ ಹಾಕ್ದೆ."

ಹೊರಗೆ ಬಂದರೆ, ಮೆಟ್ಟಿಲ ಬಳಿ ಗೌರೀಶ್ ನಿಂತಿದ್ದ.

"ನಿಮ್ಮನ್ನೂ ಕರೆಸಿದ್ರಾ?"

"ಇಲ್ಲ. ನಾನೇ ಬಂದೆ." ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. "ಎಲ್ಲರ ಮುಂದೆ ನಿಮಗೆ ನಾಚಿಕೆ ಆಗಲ್ವಾ ಅಂದ್ಬುಟ್ಟೆ. ಆವತ್ತೇ ಕ್ಷಮೆ ಕೇಳಬೇಕಿತ್ತು... ನಿಮ್ಮ ಮುಖ ನೋಡೋ ಧೈರ್ಯ ಬರಲಿಲ್ಲ."

"ಎಷ್ಟು ಬೈಕೊಂಡೆ ಗೊತ್ತಾ ನಿಮ್ಮನ್ನ!"

"ಬೈರಿ. ಆ ವರದಿ ನಿಮಗೋಸ್ಕರ ಬರೆದಿದ್ದಲ್ಲ, ಕಂಡ ಸತ್ಯ ಬರೆದೆ ಅಷ್ಟೇ. ಆದರೆ ಇವತ್ತು ಬಂದಿದ್ದು... ನಿಮಗೋಸ್ಕರ ಲೋಹಿತಾ. ಆವತ್ತಿಂದ ನೀವೇ ಮನಸ್ಸಲ್ಲಿದ್ದೀರಿ. ನೀವು ಒಪ್ಪಿದ್ರೆ... ಮದುವೆ ಆಗೋಣ್ವಾ?"

ಅವಳು ಬೆಚ್ಚಿಬಿದ್ದಳು. ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ತಿರುಗಿ ನೋಡಿದರು. ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ, ಅವಳ ಕೆನ್ನೆ ಬಿಸಿಯಾಯಿತು.

"ಇಂಗೆ ಕೇಳ್ತಾರಾ ಯಾರಾದ್ರೂ?! ಮೊದಲು ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡಿ. ಆಮೇಲೆ ಹೇಳ್ತೀನಿ."

"ಏನಂತ?"

"ಹೂಂ ಅಂತ..."

ಬಾಯಿ ತಪ್ಪಿದ್ದು ಗೊತ್ತಾಗಿ, ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.