ಪರದೆಯ ಮೇಲಿನ ಎರಡನೇ ಗಡಿಯಾರ

"ನನ್ನ ಕಂಪ್ಯೂಟರ್ ಮುಟ್ಟಿದ್ದು ಯಾರು?"

ಊಟ ಮುಗಿಸಿ ಬಂದ ನಸೀಬಾ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕುರ್ಚಿಯಲ್ಲಿ ಅಪರಿಚಿತನೊಬ್ಬ ಕುಳಿತಿದ್ದ. ಪರದೆ ಪೂರ್ತಿ ಕಪ್ಪು! ಒಂದೇ ಒಂದು ಐಕಾನ್ ಇಲ್ಲ. ಮೂರು ದಿನ ಕೂತು ಮಾಡಿದ ಅನುವಾದ ಎಲ್ಲಿ ಹೋಯಿತೋ ಗೊತ್ತಿಲ್ಲ. ಪರದೆಯ ಮೇಲ್ತುದಿಯಲ್ಲಿ ಬೆರಳಗಲದ ಪಟ್ಟಿ, ಅದರಲ್ಲಿ ಗಂಟೆ ಮಾತ್ರ ಕಾಣುತ್ತಿತ್ತು.

ಕಾಸರಗೋಡಿನ ಮುಳ್ಳೇರಿಯ ಪೇಟೆಯ ಆ ಪುಟ್ಟ ಅನುವಾದ ಕಚೇರಿಯಲ್ಲಿ ಅವಳಿಗೆ ನಾಲ್ಕು ವರ್ಷದ ಅನುಭವ. ಮಲಯಾಳಂನಲ್ಲಿ ಬರುವ ಸುತ್ತೋಲೆ, ನೋಟೀಸುಗಳನ್ನು ಕನ್ನಡಕ್ಕೆ ತರುವುದು ಅವಳ ಕೆಲಸ. ಇಷ್ಟು ವರ್ಷದಲ್ಲಿ ಅವಳ ಕುರ್ಚಿಯಲ್ಲಿ ಬೇರೆಯವರು ಕೂತದ್ದೇ ಇಲ್ಲ. ಈ ಮಹಾನುಭಾವ ಯಾರು?

ಅವನು ಗಡಬಡಿಸಿ ಎದ್ದ. ವಾದಿಸಲಿಲ್ಲ. ನಿಂತಲ್ಲಿಂದಲೇ ಬಗ್ಗಿ ಕೀಬೋರ್ಡಿನಲ್ಲಿ ಎರಡು ಕೀ ಒತ್ತಿದ.

ಪರದೆ ತುಂಬಿಕೊಂಡಿತು. ಎಡಗಡೆ ಮಲಯಾಳಂ ಮೂಲ, ಬಲಗಡೆ ಅವಳ ಕನ್ನಡ, ಸರಿಯಾಗಿ ಅರ್ಧರ್ಧ. ಅವಳು ನಿಲ್ಲಿಸಿದ್ದ ಪದದ ಪಕ್ಕದಲ್ಲೇ ಕರ್ಸರ್ ಮಿನುಗುತ್ತಿತ್ತು.

ಬಾಯಿಯವರೆಗೆ ಬಂದಿದ್ದ ನಾಲ್ಕು ಮಾತನ್ನು ನಸೀಬಾ ನುಂಗಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಒಳಗಿನಿಂದ ಬಂದ ಸುಕುಮಾರ ಮಾಸ್ಟ್ರು, ಕಚೇರಿಯ ಯಜಮಾನರು, ಪರಿಚಯ ಮಾಡಿಸಿದರು. ಇವನು ಬಾಯಾರಿನ ತಂಸೀರ್, ಶಾಲೆಗಳ ಕಂಪ್ಯೂಟರ್ ರಿಪೇರಿ ಮಾಡುವವನು. ಇಲ್ಲಿಯ ಹಳೆ ಯಂತ್ರಗಳು ಮುದಿಯಾಗಿವೆಯೆಂದು, ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬ ಹಗುರವಾದ ತಂತ್ರಾಂಶ ಹಾಕಲು ತಾವೇ ಕರೆಸಿದ್ದು ಎಂದರು. ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಇದರಲ್ಲಿ ಪರದೆಯ ಕಿಟಕಿಗಳು ಪಕ್ಕಪಕ್ಕ ಕೂರುತ್ತವೆ, ಒಂದನ್ನು ಇನ್ನೊಂದು ಮುಚ್ಚುವುದಿಲ್ಲ ಎಂದು ತಂಸೀರ್ ಮೆಲ್ಲಗೆ ವಿವರಿಸಿದ.

"ಮೇಲಿನ ಪಟ್ಟಿ ಸ್ಟೇಟಸ್ ಬಾರ್. ನಿಮಗೆ ಬೇಕಾದ್ದನ್ನು ಅದರಲ್ಲಿ ಹಾಕ್ಬಹುದು. ಎಂತ ಹಾಕ್ಲಿ?"

"ಎಂತದೂ ಬೇಡ. ನನ್ನನ್ನು ಕೇಳದೆ ಇನ್ನು ಮುಟ್ಬೇಡಿ, ಅಷ್ಟು ಸಾಕು," ಎಂದಳು ನಸೀಬಾ.

ಅವನ ಮುಖ ಚಿಕ್ಕದಾಯಿತು. ತಪ್ಪಾಯಿತೆಂದು ಹೇಳಿ, ಸಂಜೆಯವರೆಗೂ ಹಿಂದಿನ ಮೇಜಿನಲ್ಲಿ ರಂಶೀನಾಳ ಕಂಪ್ಯೂಟರ್ ಬಿಚ್ಚಿಕೊಂಡು ಕುಳಿತ. ರಂಶೀನಾ ನಸೀಬಾಳ ಸಹೋದ್ಯೋಗಿ, ಗೆಳತಿ, ಊರಿನ ಸುದ್ದಿಯ ಉಸ್ತುವಾರಿಯೂ ಅವಳದ್ದೇ.

ಮಾರನೆಯ ಬೆಳಿಗ್ಗೆ ಅವನು ಒಂದು ಹಾಳೆ ತಂದು ನಸೀಬಾಳ ಮುಂದಿಟ್ಟ. ಅದರಲ್ಲಿ ಪೆನ್ಸಿಲಿನಿಂದ ಆ ಪಟ್ಟಿಯ ಚಿತ್ರ ಬರೆದಿದ್ದ.

ಮೊದಲಿಗೆ ದೊಡ್ಡದಾಗಿ 'ಕ'. ಕೀಬೋರ್ಡ್ ಮಲಯಾಳಂಗೆ ಹೋದ ಕೂಡಲೇ ಅದು ಹಸಿರು ಬಣ್ಣದ 'ಮ' ಆಗುತ್ತದಂತೆ. ಆಮೇಲೆ, ಅನುವಾದಕ್ಕೆ ಇನ್ನು ಎಷ್ಟು ಪುಟ ಬಾಕಿ. ಕರೆಂಟು ಹೋದರೆ ಯುಪಿಎಸ್ ಎಷ್ಟು ನಿಮಿಷ ಬರುತ್ತದೆ. ಕೊನೆಗೆ, ಅವಳು ಮನೆಗೆ ಹೋಗುವ ಅಡೂರಿನ ನಾಲ್ಕು ನಲವತ್ತರ ಬಸ್ಸಿಗೆ ಎಷ್ಟು ಹೊತ್ತಿದೆ.

ನಸೀಬಾ ಹಾಳೆಯನ್ನೇ ನೋಡಿದಳು. ಕನ್ನಡವೆಂದುಕೊಂಡು ಒಂದಿಡೀ ಸಾಲು ಮಲಯಾಳಂ ಲಿಪಿಯಲ್ಲಿ ಹೊಡೆದು, ಅಳಿಸಿ, ಮತ್ತೆ ಹೊಡೆಯುವುದು ಅವಳ ದಿನನಿತ್ಯದ ಪಾಡು. ನಾಚಿಕೆಯಿಂದ ಅದನ್ನು ಅವಳು ಯಾರ ಹತ್ತಿರವೂ ಹೇಳಿದವಳಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನೆ ಹಿಂದೆ ಕೂತು ನೋಡಿದೆ... ನಿಮ್ಮನ್ನಲ್ಲ! ಕೆಲಸ ಮಾಡುವಾಗ ನೀವು ಪದೇ ಪದೇ ಎಂತ ನೋಡ್ತೀರಿ ಅಂತ. ಬೇಕಾದ್ರೆ ಮಾತ್ರ ಹಾಕ್ತೇನೆ."

ಅವಳಿಗೆ ನಗು ಬಂತು. ಹಾಕಿ ಎಂದಳು.

ಇಪ್ಪತ್ತಾರು ವರ್ಷದ ಜೀವನದಲ್ಲಿ ಅವಳಿಗೆ ಏನು ಬೇಕೆಂದು ಕೇಳಿದವರು ಇದ್ದರು. ಏನು ಬೇಕಾಗಬಹುದೆಂದು ಒಂದು ದಿನ ಪೂರ್ತಿ ಕಾದು ನೋಡಿದವನು ಇವನೊಬ್ಬನೇ. ಹೆಣ್ಣಿನ ಮನಸ್ಸು ಸೋಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಅವನು ವಾರಕ್ಕೆ ಎರಡು ಸಲ ಬರತೊಡಗಿದ. ಪಟ್ಟಿಯ ಬಣ್ಣ ಬದಲಿಸಲು ಕಲಿಸಿದ. ಪಟ್ಟಿಯ ಸೆಟ್ಟಿಂಗ್‌ಗಳೆಲ್ಲ ಒಂದು ಕಾನ್ಫಿಗ್ ಫೈಲಿನಲ್ಲಿ ಸಾಲುಸಾಲಾಗಿ ಇರುತ್ತಿದ್ದವು. ತಾನು ಮಾಡಿದ ಪ್ರತಿ ಬದಲಾವಣೆಯ ಮೇಲೆ ಅವನು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದ. ಟಿಪ್ಪಣಿಯ ಮುಂದೆ ಹ್ಯಾಶ್ ಚಿಹ್ನೆ ಹಾಕುತ್ತಿದ್ದ. ಹ್ಯಾಶ್ ಇರುವ ಸಾಲನ್ನು ಕಂಪ್ಯೂಟರ್ ಬಿಟ್ಟು ಮುಂದೆ ಹೋಗುತ್ತದೆ, ಅದು ನಾಳೆ ಫೈಲ್ ತೆರೆಯುವ ಮನುಷ್ಯರಿಗೆ ಎನ್ನುತ್ತಿದ್ದ.

ಎಂಥ ಅಚ್ಚುಕಟ್ಟು! ಕೆಲಸ ಮುಗಿದ ಮೇಲೆ ಒಂದು ವಯರ್ ಸಹ ಅತ್ತಿತ್ತ ಬಿದ್ದಿರುತ್ತಿರಲಿಲ್ಲ. ಮಾಸ್ಟ್ರು ಹೊಗಳಿದರೆ ನೆಲ ನೋಡುತ್ತಿದ್ದ. ಅವನು ಬರುವ ದಿನ ನಸೀಬಾಳ ಪುಟಗಳು ಯಾಕೋ ಬೇಗ ಮುಗಿಯುತ್ತಿದ್ದವು. ಬರದ ದಿನ ಮೆಟ್ಟಿಲಲ್ಲಿ ಯಾರ ಹೆಜ್ಜೆ ಕೇಳಿದರೂ ತಲೆ ಎತ್ತುತ್ತಿದ್ದಳು.

ಒಂದು ಸೋಮವಾರ ಅವನ ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು. ಅದರ ಪಟ್ಟಿಯಲ್ಲಿ ಎರಡು ಗಡಿಯಾರ! ಒಂದು ಇಲ್ಲಿಯದು. ಇನ್ನೊಂದು ಒಂದೂವರೆ ಗಂಟೆ ಹಿಂದೆ.

ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಆ ಒಂದೂವರೆ ಗಂಟೆ ಎಲ್ಲಿಯದೆಂದು ಹೇಳಿಕೊಡಬೇಕಾಗಿಲ್ಲ.

"ಇದು ಯಾರ ಗಂಟೆ?" ಎಂದು ಅವಳು ಕೇಳಿದಳು. ತಂಸೀರನ ಕಿವಿ ಕೆಂಪಾಯಿತು. "ಅದು... ಸುಮ್ಮನೆ, ಟೆಸ್ಟ್ ಮಾಡಿದ್ದು," ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟ.

ಅವನ ಉಪ್ಪ, ತಂದೆ ಖಾಲಿದ್, ಬಾಯಾರಿನಲ್ಲಿ ಟೈಲರ್. ಮನೆಯಿಂದ ಗಲ್ಫಿಗೆ ಹೋದವರು ಯಾರೂ ಇಲ್ಲವೆಂದು ಅವನೇ ಹೇಳಿದ್ದ. ಹಾಗಾದರೆ ಅಲ್ಲಿಯ ಗಂಟೆ ಇವನಿಗೇಕೆ?

ರಂಶೀನಾಳ ಹತ್ತಿರ ಉತ್ತರ ತಯಾರಿತ್ತು.

"ಎಂತ ಮಾರಾಯ್ತಿ, ಅಷ್ಟೂ ಗೊತ್ತಾಗುದಿಲ್ವಾ? ಅಲ್ಲಿಯ ಹುಡುಗಿ ಫಿಕ್ಸ್ ಆಗಿರ್ಬೇಕು. ಗಂಟೆ ಇಟ್ಟು ಕಾಯುವುದು ಮತ್ತೆ ಯಾರಿಗೆ?"

ನಸೀಬಾ ನಕ್ಕಂತೆ ಮಾಡಿ ಕೆಲಸಕ್ಕೆ ತಿರುಗಿದಳು. ನನ್ನದೇ ತಪ್ಪು... ಬಾರ್ ಮಾಡಿಕೊಟ್ಟ ಮಾತ್ರಕ್ಕೆ ಮನಸ್ಸೂ ಕೊಟ್ಟ ಹಾಗಾಯಿತಾ? ಅಂದು ಅವಳು ಮೂರು ಸಲ 'ಮ' ನೋಡದೆ ಸಾಲು ತಪ್ಪಿಸಿದಳು.

ಅದೇ ವಾರ ಉಪ್ಪಳದಿಂದ ಅವಳಿಗೆ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ವ್ಯಾಪಾರಿ. ಅವಳ ಉಪ್ಪ ಶಾರ್ಜಾದ ಗ್ರೋಸರಿಯೊಂದರಲ್ಲಿ ಕೆಲಸ ಮಾಡುವವರು. ದಿನಾ ಅಲ್ಲಿಯ ಒಂದು ಗಂಟೆಗೆ, ಇಲ್ಲಿಯ ಎರಡೂವರೆಗೆ, ಮಗಳಿಗೆ ಫೋನ್ ಮಾಡುತ್ತಾರೆ. ಒತ್ತಾಯ ಮಾಡಲಿಲ್ಲ. ಆ ಮನೆಯವರಿಗೆ ಮಾತು ಕೊಡಬೇಕು, ಗುರುವಾರ ನಿನ್ನ ಉತ್ತರ ಹೇಳು ಮೋಳೇ ಎಂದರು.

ಗುರುವಾರ ಬಂತು. ಹೂಂ ಎನ್ನುವುದೆಂದು ಅವಳು ನಿರ್ಧರಿಸಿಯಾಗಿತ್ತು. ಅದಕ್ಕೆ ಮೊದಲು ಒಂದು ಕೆಲಸವಿತ್ತು. ಆ ಪಟ್ಟಿ ದಿನವಿಡೀ ಕಣ್ಣೆದುರು ಇದ್ದರೆ ಅವನನ್ನು ಮರೆಯುವುದು ಹೇಗೆ? ಎಲ್ಲವನ್ನೂ ಅಳಿಸಲು ಕಾನ್ಫಿಗ್ ಫೈಲ್ ತೆರೆದಳು. ಬಣ್ಣದ ಸಾಲುಗಳು ಮೇಲೆಯೇ ಇದ್ದವು. ಅದಕ್ಕಿಂತ ಕೆಳಗೆ ಅವಳು ಎಂದೂ ಹೋದವಳಲ್ಲ. ಇಂದು ಹೋದಳು.

"# ಭಾಷೆ: ಅಕ್ಷರ ದೊಡ್ಡದಿರಲಿ. ತಪ್ಪು ಅವರದ್ದಲ್ಲ, ಹಳೆಯ ಗುರುತು ಕಣ್ಣಿಗೆ ಕಾಣುತ್ತಿರಲಿಲ್ಲ."

"# ಬಸ್ಸು: ಹತ್ತು ನಿಮಿಷ ಇರುವಾಗ ಬಣ್ಣ ಬದಲಾಗಲಿ. ಮೆಟ್ಟಿಲು ಓಡಿ ಇಳಿಯುವುದು ಬೇಡ."

ಅವಳ ಬೆರಳು ನಿಂತಿತು. ಇನ್ನೂ ಕೆಳಗೆ, ಕಟ್ಟಕಡೆಗೆ...

"# ಶಾರ್ಜಾ ಗಡಿಯಾರ: ಅವರ ಉಪ್ಪನ ಸಮಯ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ, ಸರಿಯಾಗಿ ಓಡುತ್ತದೆ. ಆದರೆ ಇದು ಅವರ ಮನೆಯ ವಿಷಯ. ಮೊದಲ ದಿನ ಕೇಳದೆ ಮುಟ್ಟಿ ತಪ್ಪು ಮಾಡಿದೆ. ಇದನ್ನು ಕೇಳಿಯೇ ಹಾಕಬೇಕು. ಕೇಳಲು ಧೈರ್ಯ ಬಂದಿಲ್ಲ."

ಅದರ ಕೆಳಗೆ ಗಡಿಯಾರದ ಸಾಲು ತಯಾರಾಗಿ ಕುಳಿತಿತ್ತು. ಅದರ ಮುಂದೆಯೂ ಒಂದು ಹ್ಯಾಶ್.

ಅಕ್ಷರಗಳು ಮಂಜಾದವು. ನಸೀಬಾ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಅವಳು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಉಪ್ಪನ ಗಂಟೆಯ ಮೇಲೆ! ಆ ಒಂದು ಹ್ಯಾಶ್ ಅಳಿಸಿದಳು. ಪಟ್ಟಿಯ ಬಲತುದಿಯಲ್ಲಿ ಹೊಸ ಗಡಿಯಾರ ಮೂಡಿತು. 12:24. ಉಪ್ಪನ ಫೋನಿಗೆ ಇನ್ನು ಮೂವತ್ತಾರು ನಿಮಿಷ.

ಅವಳು ತಂಸೀರನಿಗೆ ಫೋನ್ ಮಾಡಿದಳು. ಅವನು ಹತ್ತಿರದ ಶಾಲೆಯಲ್ಲೇ ಇದ್ದ. ಬಾರ್ ಹಾಳಾಯಿತೇ ಎಂದು ಕೇಳಿದ. ಇಲ್ಲ, ಆದರೂ ಬನ್ನಿ ಎಂದಳು.

ಅವನು ಬಂದಾಗ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮಾಸ್ಟ್ರು ಊಟಕ್ಕೆ ಹೋಗಿದ್ದರು. ಪರಿಸ್ಥಿತಿ ನೋಡಿದ ರಂಶೀನಾ, ಎಂದೂ ಇಲ್ಲದ ಜಾಣತನ ತೋರಿಸಿ, ಚಹಾ ಕುಡಿಯಲು ಇಳಿದು ಹೋದಳು.

ತಂಸೀರನ ಕಣ್ಣು ಪರದೆಯ ಮೇಲಿನ ಎರಡನೇ ಗಡಿಯಾರದ ಮೇಲೆ ನಿಂತಿತು. ಅವನಿಗೆ ಎಲ್ಲವೂ ತಿಳಿಯಿತು.

"ನಿಮ್ಮ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮುಗಿದ ಮೇಲೂ ಯಾಕೆ ತೆಗೀಲಿಲ್ಲ?" ಎಂದು ಕೇಳಿದಳು ನಸೀಬಾ.

ಅವನು ಗಡಿಯಾರದಿಂದ ಕಣ್ಣು ತೆಗೆಯದೆ ಹೇಳಿದ.

"ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ. ಅಲ್ಲಿ ಒಂದು ಗಂಟೆ ಆಗುವಾಗ ನೀವಿಲ್ಲಿ ನಗ್ತಾ ಮಾತಾಡ್ತಾ ಇರ್ತೀರಿ. ನಾನು ಯಾವ ಶಾಲೆಯಲ್ಲಿದ್ರೂ ಅದು ನೋಡಿದ್ರೆ ಸಮಾಧಾನ ಆಗ್ತಿತ್ತು." ತಲೆ ತಗ್ಗಿಸಿದ. "ತಪ್ಪಾದ್ರೆ ಕ್ಷಮಿಸಿ."

"ಇವತ್ತು ಎರಡೂವರೆಗೆ ಉಪ್ಪಳದ ಸಂಬಂಧಕ್ಕೆ ನಾನು ಹೂಂ ಹೇಳ್ಬೇಕಿತ್ತು," ಎಂದಳು ನಸೀಬಾ.

ಅವನ ಮುಖದ ಬಣ್ಣವೇ ಇಳಿಯಿತು. ಅವಳಿಗೆ ಇನ್ನು ನೋಡಲಾಗಲಿಲ್ಲ. ಇವನಾಗಿ ಕೇಳುವವರೆಗೆ ಕಾದರೆ ಮೊಮ್ಮಕ್ಕಳ ಕಾಲವಾದೀತು!

"ನನಗೆ ನೀವು ಬೇಕು. ನಿಮಗೆ?"

"ನನಗೂ," ಎಂದ ತಂಸೀರ್. ಅಷ್ಟೇ ಹೊರಬಂತು. ಕಣ್ಣು ಮಾತ್ರ ತುಂಬಿತ್ತು.

ಎರಡೂವರೆಗೆ ಸರಿಯಾಗಿ ಉಪ್ಪನ ಫೋನ್ ಬಂತು. ಅವಳು ವರಾಂಡಕ್ಕೆ ಹೋದಳು. ಕದ್ದು ಮುಚ್ಚಿ ಮಾಡಿ ಅಭ್ಯಾಸವಿಲ್ಲದ ಹುಡುಗಿ, ಸಂಬಂಧ ಬೇಡವೆಂದೂ, ಯಾಕೆ ಬೇಡವೆಂದೂ ಉಪ್ಪನಿಗೆ ನೇರವಾಗಿ ಹೇಳಿದಳು. ಆ ಕಡೆಯಿಂದ ಊರು ಯಾವುದು, ಯಾರ ಮಗ, ಕೆಲಸ ಎಂತದ್ದು, ಎಲ್ಲ ಪ್ರಶ್ನೆಗಳೂ ಬಂದವು. ಕೊನೆಯ ಪ್ರಶ್ನೆ ಒಳ್ಳೆಯವನಾ ಎಂದು.

"ತುಂಬ ಒಳ್ಳೆಯವರು ಉಪ್ಪ," ಎಂದಳು ಅವಳು, ಮತ್ತೆ ಅಳು ಬಂತು.

ಒಳಗೆ ಬಂದಾಗ ತಂಸೀರ್ ಕೂತಿರಲಿಲ್ಲ. ಮೇಜು ಹಿಡಿದು ನಿಂತಿದ್ದ.

"ಉಪ್ಪ ಎಂತ ಹೇಳಿದ್ರು?"

"ಭಾನುವಾರ ನಿಮ್ಮ ಉಮ್ಮ ನಮ್ಮ ಮನೆಗೆ ಬರ್ಬೇಕಂತೆ. ಅವರಿಗೆ ಯಾವ ಮೀನು ಇಷ್ಟ ಅಂತ ಕೇಳಿದ್ರು."

ತಂಸೀರ್ ಮೊದಲ ದಿನ ಬೈಸಿಕೊಂಡಿದ್ದ ಅದೇ ಕುರ್ಚಿಯಲ್ಲಿ ಕೂತುಬಿಟ್ಟ. ಈ ಸಲ ಅವಳು ಎಬ್ಬಿಸಲಿಲ್ಲ.

"ಉಮ್ಮನಿಗೆ ಬಂಗುಡೆ," ಎಂದ ಕಣ್ಣೊರೆಸುತ್ತಾ.

"ಮತ್ತೆ ನಿಮಗೆ?"

"ಭಾನುವಾರ ನನ್ನನ್ನೂ ಕರೀತೀರಾ?"

"ಕರೆಯದೆ?" ನಸೀಬಾ ನಕ್ಕಳು. "ನೀವು ಬರ್ಲಿಲ್ಲಾಂದ್ರೆ ನಾನು ಯಾರಿಗೆ ಬಡಿಸ್ಲಿ?"