ಲುಪೆಯ ಹಂದಿ ಉಳಿದ ವರ್ಷ

ಲುಪೆಯ ಅಪ್ಪನ ಹಂದಿ ಈ ವರ್ಷ ಬದುಕಿಕೊಂಡಿತು. ಫೆಲೆಟಿ ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ.

“ನಿಮ್ಮ ಪುಸ್ತಕ ಕೊಳ್ಳೋಕೆ ವರ್ಷಕ್ಕೊಂದು ಹಂದಿ ಮಾರ್ತಿದ್ವಿ ಸರ್,” ಅಂದಿದ್ದಳು ಆ ಹುಡುಗಿ, ತುಂಬಿದ ಕ್ಲಾಸಿನಲ್ಲಿ. “ಈ ಸಲ ಲೈಬ್ರರಿ ವಿಕಾ ಅಕ್ಕ ಪುಕ್ಕಟೆ ಕೊಟ್ರು. ‘ಮೇಷ್ಟ್ರನ್ನ ಕೇಳ್ದೆ ಅಂತ ಹೇಳು’ ಅಂತು ನಮ್ಮ ಹಂದಿ!”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮೇಷ್ಟ್ರೇ ಬರೆದು ಮಾರುತ್ತಿದ್ದ ಅರ್ಥಶಾಸ್ತ್ರದ ಆ ಪುಸ್ತಕ ಅವರ ಪಾಲಿನ ಕಾಮಧೇನು. ಮೂರನೇ ಪ್ರಶ್ನೆಯನ್ನು ಒಂಬತ್ತಕ್ಕೆ ಹಾಕಿ, ಒಂಬತ್ತನ್ನು ಮೂರಕ್ಕೆ ತಂದರೆ ಹೊಸ ಆವೃತ್ತಿ ತಯಾರು. ಅಣ್ಣನ ಹಳೇ ಪುಸ್ತಕ ಹಿಡಿದು ಬಂದ ತಮ್ಮನಿಗೆ ಹೋಂವರ್ಕಿನಲ್ಲಿ ಸೊನ್ನೆ. ಎಷ್ಟು ಚೆಂದ ನಡೆಯುತ್ತಿತ್ತು! ಈ ವಿಕಾ ಬಂದವಳೇ ಪಾಸಾದವರ ಮನೆಗಳಿಗೆ ಅಲೆದು ಇಪ್ಪತ್ತು ಹಳೇ ಪುಸ್ತಕ ಕೂಡಿಸಿದಳು. ಯಾವ ಪ್ರಶ್ನೆ ಎಲ್ಲಿಗೆ ಓಡಿದೆ ಅಂತ ಬೋರ್ಡಿನ ಮೇಲೆ ಬರೆದಳು. ಮಕ್ಕಳು ಸರದಿಯಲ್ಲಿ ಒಯ್ದು ಓದಿ ಶನಿವಾರ ವಾಪಸ್ಸು ಇಡುತ್ತಿದ್ದರು. ಹೊಸ ಆವೃತ್ತಿಯ ಕಟ್ಟುಗಳು ಮೇಷ್ಟ್ರ ಶೆಡ್ಡಿನಲ್ಲೇ ಗೆದ್ದಲಿಗೆ ಕಾಯುತ್ತಿದ್ದವು. ಇನ್ನೊಂದು ವರ್ಷ ಹೀಗೇ ಹೋದರೆ ಪುಸ್ತಕದ ಕತೆ ಮುಗೀತು.

“ಪುಸ್ತಕಕ್ಕೆ ಕಾಗದದ ಚೀಟಿ ಅಂಟಿಸಿದ್ರೆ ಜಿರಲೆ ತಿಂದು ಹಾಕುತ್ತೆ ಸರ್,” ಅಂತ ವಿಕಾ ಕಾಲೇಜು ಲೈಬ್ರರಿ ಸಮಿತಿಯ ಮೀಟಿಂಗಿನಲ್ಲಿ ಕೊರೆಯುತ್ತಿದ್ದಳು. “ಈ ಸಲ ಗಟ್ಟಿ ಗುರುತು ಹಾಕಿದ್ದೀನಿ.”

ಮೇಷ್ಟ್ರು ಆಕಳಿಸಿದರು. ಜಿರಲೆಯ ಊಟ ಕಟ್ಟಿಕೊಂಡು ಅವರಿಗೇನು? ಅವರ ತಲೆಯಲ್ಲಿ ಆಗಲೇ ಭಾನುವಾರ ಮೂಡಿತ್ತು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತಾರಲ್ಲ, ಭಾನುವಾರದ ಮುಂಜಾನೆ ಟೋಂಗಾದಲ್ಲಿ ಹೊಗೆಯಾಡದ ಮನೆಯೇ ಇಲ್ಲ. ಪ್ರತಿ ಹಿತ್ತಿಲಿನಲ್ಲೂ ಉಮು ಅನ್ನೋ ಅಡುಗೆ ಹೊಂಡ ಉರಿಯುತ್ತದೆ, ಕಲ್ಲು ಕಾಯುತ್ತದೆ, ಗಂಡಸೇ ಉರಿ ಹಾಕುತ್ತಾನೆ. ಅವನು ಒಲೆಗೆ ಏನು ತುರುಕಿದ ಅಂತ ಯಾವ ಪುಣ್ಯಾತ್ಮ ಬಗ್ಗಿ ನೋಡುತ್ತಾನೆ? ಕಾಯ್ದ ಕಲ್ಲಿನ ಮೇಲೆ ಗೆಣಸಿಟ್ಟು, ಎಲೆ ಹೊದಿಸಿ, ಮಣ್ಣು ಮುಚ್ಚಿ ಚರ್ಚಿಗೆ ಹೋದರಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಶನಿವಾರ ಮಧ್ಯಾಹ್ನ ಊರಿಗೆ ಊರೇ ರಗ್ಬಿ ಮೈದಾನದಲ್ಲಿತ್ತು. ಸಮಿತಿಯ ಸದಸ್ಯರಾದ ಮೇಷ್ಟ್ರ ಬಳಿ ಲೈಬ್ರರಿಯ ಕೀಲಿ ಇತ್ತು. ಇಪ್ಪತ್ತೂ ಪುಸ್ತಕ ಕೆಸುವಿನ ಗಡ್ಡೆಯ ಚೀಲ ಸೇರಿದವು. ದಾರಿಯಲ್ಲಿ ಸಿಕ್ಕ ಮುದುಕನೊಬ್ಬ “ಒಳ್ಳೇ ಫಸಲು, ಮೇಷ್ಟ್ರೇ!” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯೇ ಅವರು? “ದೇವರ ದಯೆ,” ಅಂದು ಕೈಬೀಸಿದರು.

ಭಾನುವಾರ ಬೆಳಗಾಗುವ ಹೊತ್ತಿಗೆ ಕೆಲಸ ಶುರು. ದಪ್ಪ ಪುಸ್ತಕ ಇಡಿಯಾಗಿ ಉರಿಯುವುದಿಲ್ಲ, ಅದು ಅವರಿಗೆ ಗೊತ್ತು. ಮೊದಲ ಪುಟದಿಂದ ಹಿಡಿಹಿಡಿ ಹರಿದು ಹಾಕಿದರು. ಕೊನೆಗೆ ಉಳಿದ ಹಿಂದಿನ ರಟ್ಟುಗಳನ್ನು, ಹೊಗೆಗೆ ಕಣ್ಣು ಉರಿಯುತ್ತಿದ್ದರಿಂದ, ತಿರುಗಿಸಿಯೂ ನೋಡದೆ ಕಲ್ಲುಗಳ ನಡುವೆ ಎಸೆದರು. ತಮ್ಮದೇ ಪುಸ್ತಕ ಸುಡುವಾಗ ಒಂದು ಗಳಿಗೆ ಕರುಳು ಚುರುಕ್ ಅಂದಿತು. ಮುನ್ನುಡಿ ಬಹಳ ಚೆನ್ನಾಗಿತ್ತು.

ಚರ್ಚಿನಲ್ಲಿ ಅವರ ದಪ್ಪ ದನಿ ಅವತ್ತು ಹಂಚು ಹಾರಿಸುವಂತಿತ್ತು. ಪಾದ್ರಿಯ ಬದಲು ಉಪದೇಶಕ್ಕೆ ನಿಂತವರು ಕಾಲೇಜಿನ ಪ್ರಿನ್ಸಿಪಾಲರೇ. ವಿಷಯ: ಬಡವರ ಪಾಲು ಕಸಿಯಬಾರದು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ “ಆಮೆನ್” ಅಂದರು.

ಆದರೆ ಉಮುವಿನ ಮೊದಲ ಪಾಲು ಮನೆಯವರದಲ್ಲ, ಅದು ಪಾದ್ರಿಯ ಮನೆಗೆ ಹೋಗಬೇಕು. ಹೆಂಡತಿ ಲೆಸೀಲಿ ಹೊಂಡ ತೆಗೆದು, ತಳದಲ್ಲಿ ಬೆಂದ ತೊಡೆಗಾತ್ರದ ಗೆಣಸನ್ನೇ ಆರಿಸಿ, “ನಮ್ಮವರು ಸ್ವಂತ ಕೈಯಾರೆ ಬೇಯಿಸಿದ್ದು!” ಅಂತ ಬೀಗುತ್ತ ಪಾದ್ರಿಯ ಮೇಜಿನ ಮೇಲಿಟ್ಟಳು. ಮೇಜಿನ ಸುತ್ತ ಮೇಷ್ಟ್ರು, ಪ್ರಿನ್ಸಿಪಾಲರು, ಬಡಿಸಲು ಬಂದಿದ್ದ ವಿಕಾ. ಪಾದ್ರಿ ಚಾಕು ಹಾಕಿದರು; ಅದು ಟಣ್ ಅಂದು ನಿಂತಿತು. ಗೆಣಸಿನ ಹೊಟ್ಟೆಗೆ ಕಚ್ಚಿಕೊಂಡಿದ್ದ ಕರೀ ಬಿಲ್ಲೆಯನ್ನು ವಿಕಾ ಕಿತ್ತು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿಗೆ ಉಜ್ಜಿದಳು. ಕಾಸಗಲದ ತಗಡು, ಕಾಲೇಜಿನ ಮುದ್ರೆ, ಕೆಳಗೆ ಕೊರೆದ ಅಂಕಿ ಏಳು. ಜಿರಲೆಗೆ ಹೆದರಿ ಒಂದೊಂದು ಪುಸ್ತಕದ ಹಿಂದಿನ ರಟ್ಟಿಗೂ ಅವಳೇ ಮೊಳೆ ಹೊಡೆದು ಕೂರಿಸಿದ ಗುರುತು. ಅವಳು ಅದನ್ನು ಪ್ರಿನ್ಸಿಪಾಲರ ತಟ್ಟೆಯಲ್ಲಿಟ್ಟು ಮೇಷ್ಟ್ರ ಕಡೆ ತಿರುಗಿದಳು. “ಏಳನೇ ಪುಸ್ತಕ ಸಿಕ್ತು ಸರ್. ಮಿಕ್ಕ ಹತ್ತೊಂಬತ್ತು ನಿಮ್ಮನೆ ಹೊಂಡದಲ್ಲೇ ಇವೆಯಾ, ಇಲ್ಲ ಯಾರಾದ್ರೂ ತಿಂದ್ಬಿಟ್ರಾ?”